ಬೆಡ್‌ಶೀಟಕ್ಕನ ಮನೆಯ ಫೋನುಗಳು

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮೂರನೇ ಮಹಡಿಯಿಂದ ಇಳಿದ ಕೊಳೆಬಟ್ಟೆಯ ಟ್ರಾಲಿ ಎಣಿಸುತ್ತಿದ್ದಾಗ ಬೆಡ್‌ಶೀಟಕ್ಕನ ಫೋನು ಕುಂಯ್ ಅಂದಿತು. ಅಳಿಯನ ಮೆಸೇಜು.

"ಹಸಿರು ಗೇಟಿನ ಮನೇಲಿ ಕಿಟಕಿ ಅಳತೆ ಸರಿಯಾಗಿ ಬಂತಾ ಅತ್ತೆ? ಪಾಪ, ಎಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದಳು."

ನಲವತ್ತೆರಡಕ್ಕೆ ಎಣಿಕೆ ತಪ್ಪಿತು. ಇಪ್ಪತ್ತೊಂದು ವರ್ಷ ಆ ಕೋಣೆಯಲ್ಲಿ ಬೆಡ್‌ಶೀಟು, ದಿಂಬಿನ ಕವರು ಎಣಿಸಿ ಎಣಿಸಿಯೇ ಅವಳಿಗೆ ಆ ಹೆಸರು ಬಿದ್ದಿದ್ದು. ಡಾಕ್ಟರುಗಳಿಂದ ಹಿಡಿದು ಲಿಫ್ಟಿನವನ ತನಕ ಎಲ್ಲರಿಗೂ ಅವಳು ಬೆಡ್‌ಶೀಟಕ್ಕ. ಎಣಿಕೆ ತಪ್ಪಿಸಿಕೊಳ್ಳುವ ಹೆಂಗಸೇ ಅಲ್ಲ. ಸೆರಗಿಗೆ ಕೈ ಒರೆಸಿಕೊಂಡು ದೊಡ್ಡ ಮಗಳಿಗೆ ಫೋನು ಮಾಡಿದಳು.

"ಎಲ್ಲಿದ್ದೀಯೇ?"

"ಕೆಲಸದ ಮೇಲಮ್ಮ. ಅಳತೆ ಮುಗೀತು, ಈಗ ಹೊರಟ್ವಿ."

"ಆ ಮನೆ ಗೇಟು ಯಾವ ಬಣ್ಣ?"



"ಹಸಿರು," ಅಂದಳು ಮಗಳು. "ಮತ್ತೆ ಬಂತಾ ಮೆಸೇಜು?"

 ಬೆಡ್‌ಶೀಟಕ್ಕ ಅಲ್ಲೇ ಟ್ರಾಲಿ ಹಿಡಿದುಕೊಂಡು ನಿಂತಳು.

ದೊಡ್ಡವಳು ಗಂಡನ ಮನೆ ಬಿಟ್ಟು ಬಂದು ನಾಲ್ಕು ತಿಂಗಳಾಗಿತ್ತು. ಒಂದು ಬ್ಯಾಗು, ಸರಿಯಾಗಿ ಮಡಚಲು ಬಾರದ ಎರಡು ಬೆರಳು, ಇಷ್ಟೇ ಅವಳು ತಂದಿದ್ದು. ಬೀರುವಿನ ಬಾಗಿಲು ತಾನಾಗೇ ಹಾಕಿಕೊಂಡಿತು ಅಂತ ಮೊದಲು ಹೇಳಿದಳು. ವಾರ ಕಳೆದ ಮೇಲೆ ನಿಜ ಹೇಳಿದಳು, ಹಾಕಿದವನು ಗಂಡ. ಆ ಮನೆಯಲ್ಲಿ ಹಗಲೆಲ್ಲ ಅವಳ ಫೋನು ಎಲ್ಲಿದೆ ಅನ್ನುವ ನಕ್ಷೆ ಗಂಡನ ಕೈಯಲ್ಲಿ ತೆರೆದೇ ಇರುತ್ತಿತ್ತಂತೆ. ತರಕಾರಿ ಅಂಗಡಿಯಲ್ಲಿ ಐದು ನಿಮಿಷದ ಕೆಲಸಕ್ಕೆ ಹನ್ನೆರಡು ನಿಮಿಷ ಯಾಕಾಯ್ತು ಅಂತ ಊಟಕ್ಕೆ ಕೂತಾಗ ನಗುನಗುತ್ತಲೇ ಕೇಳುತ್ತಿದ್ದನಂತೆ. ಕಾರು ಮಾರುವ ಅಂಗಡಿಯಲ್ಲಿ ಕೆಲಸ ಅವನಿಗೆ, ಮಾತು ಬೆಣ್ಣೆ. ಒಂದು ದಿನವೂ ದನಿ ಏರಿಸಿದವನಲ್ಲ.

ಪೊಲೀಸರು ಅವನನ್ನು ಕರೆಸಿ, ಅವಳ ಹತ್ತಿರ ಸುಳಿಯಬೇಡ ಅಂದಿದ್ದರು. ಸುಳಿಯಲೂ ಇಲ್ಲ, ಮಹಾನುಭಾವ. ಬರೀ ಅತ್ತೆಗೆ ಕ್ಷೇಮ ಸಮಾಚಾರ ಬರೆಯುತ್ತಿದ್ದ. ಬೆಡ್‌ಶೀಟಕ್ಕ ಆ ಮೆಸೇಜುಗಳನ್ನು ಹಿಡಿದುಕೊಂಡು ಎರಡು ಸಲ ಠಾಣೆಗೆ ಹೋಗಿ ಬಂದಳು. "ಇದರಲ್ಲಿ ಬೈಗುಳ ಎಲ್ಲಿದೆ ಅಮ್ಮ? ಬೆದರಿಕೆ ಎಲ್ಲಿದೆ?" ಅಂತ ಅವರು ಅವಳನ್ನೇ ಕೇಳಿದರು.

ದೊಡ್ಡವಳು ಪರದೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಬಾಗಿಲು ಅಳೆದು, ಬಟ್ಟೆ ಲೆಕ್ಕ ಹಾಕಿ, ಹೊಲಿಸಿ, ತೂಗುಹಾಕಿ ಬರುವ ಕೆಲಸ. ಒಬ್ಬಳನ್ನೇ ಕಳಿಸುವುದು ಹೇಗೆ? ಅದಕ್ಕೆ ಮನೆಯಲ್ಲಿ ತೀರ್ಮಾನವಾಗಿತ್ತು: ತಾತ ಜೊತೆಗೆ ಹೋಗಬೇಕು. ತಾತ ಅಂದರೆ ಬೆಡ್‌ಶೀಟಕ್ಕನ ಮಾವ. ಗಂಡ ಸತ್ತು ಎಂಟು ವರ್ಷವಾದರೂ ಸೊಸೆ ಮಾವ ಒಂದೇ ಒಲೆಯ ಅನ್ನ ಉಂಡುಕೊಂಡಿದ್ದರು. ಎಪ್ಪತ್ತಾರು ವಯಸ್ಸು, ಮೂವತ್ತು ವರ್ಷ ಸಿನಿಮಾ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿದ ಕೈ. ಹೊಸ ಕೆಲಸ ಸಿಕ್ಕಿದ ಮೇಲೆ ಮುದುಕರಿಗೆ ಹತ್ತು ವರ್ಷ ಕಡಿಮೆಯಾದ ಹಾಗಿತ್ತು. ಇಸ್ತ್ರಿ ಅಂಗಿ ತೊಟ್ಟು, ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು, "ನೂರಾ ನಲವತ್ತೆರಡೂವರೆ! ಬರ್ಕೋ!" ಅಂತ ಗಿರಾಕಿಗಳ ಮನೆ ಮೊಳಗುವಂತೆ ಕೂಗುತ್ತಿದ್ದರು.

ಆದರೂ ಮೆಸೇಜು ಬಂತು. ಆ ವಾರ ಎರಡು, ಮುಂದಿನ ವಾರ ಮೂರು. "ಇವತ್ತು ಲಿಫ್ಟಿಲ್ಲದ ಕಟ್ಟಡಕ್ಕೆ ಹತ್ತಿಸಿದರಂತೆ, ಕಾಲುನೋವು ಬಂದೀತು." "ಬೇಕರಿ ಪಕ್ಕದ ಮನೆಯವರು ಒಳ್ಳೆಯ ಜನ ತಾನೆ?" ಒಂದು ಸಲವಂತೂ ರಸ್ತೆಯ ಆಚೆ ಬದಿಯಲ್ಲಿ ಬೈಕಿನ ಮೇಲೆ ಹೆಲ್ಮೆಟ್ಟು ಹಾಕಿಕೊಂಡು ಕೂತಿದ್ದವನನ್ನು ಗಿರಾಕಿಯೇ ನೋಡಿ ಅಂಗಡಿಗೆ ಫೋನು ಮಾಡಿದಳು. ಅಂಗಡಿಯ ಯಜಮಾನಿ ಕೆಟ್ಟವಳಲ್ಲ. ಆದರೆ ಅವಳೂ ವ್ಯಾಪಾರ ಮಾಡಬೇಕಲ್ಲ.

"ಇನ್ನೊಂದು ಸಲ ಹೀಗಾದ್ರೆ ನಿನ್ನ ಹೊರಗೆ ಕಳಿಸೋಕಾಗಲ್ಲ ನೋಡು," ಅಂದಳಂತೆ. "ಒಳಗೇ ಕೂತು ಅಂಚು ಹೊಲಿ."

ಮನೆಗೆ ಬಂದು ದೊಡ್ಡವಳು ಇಷ್ಟನ್ನು ಹೇಳಿ, ಹುರುಳಿಕಾಯಿ ಸೋಸುತ್ತಾ ಕೂತಳು. ಮಡಚಲಾಗದ ಬೆರಳುಗಳಿಂದ ನಾರು ಎಳೆಯಲು ಅವಳಿಗೆ ಬರುತ್ತಿರಲಿಲ್ಲ. ಕಿರಿಯವಳು ಬಂದು ಬುಟ್ಟಿ ಕಿತ್ತುಕೊಂಡಳು.

"ಅಲ್ಲಿ ಒಳಗಿದ್ದೆ, ಇಲ್ಲೂ ಒಳಗೇ ಇರ್ತೀನಿ ಬಿಡು," ಅಂದಳು ದೊಡ್ಡವಳು. "ವ್ಯತ್ಯಾಸ ಏನು?"

ಬೆಡ್‌ಶೀಟಕ್ಕ ಕೇಳಿಸಿಕೊಂಡಳು. ನಾಲ್ಕು ಗೋಡೆಯಿಂದ ತಪ್ಪಿಸಿಕೊಂಡು ಬಂದ ಮಗಳು ಮತ್ತೆ ನಾಲ್ಕು ಗೋಡೆಯೊಳಗೆ ಕೂತರೆ, ತಾನು ಬಾಗಿಲು ತೆಗೆದು ಒಳಗೆ ಕರೆದುಕೊಂಡಿದ್ದಕ್ಕೆ ಅರ್ಥವೇನು ಬಂತು?

ದೊಡ್ಡವಳ ಫೋನು ಹೊಸದು, ನಂಬರು ಹೊಸದು. ಲೊಕೇಶನ್ನು ಆಫ್ ಮಾಡಿ ಎರಡು ತಿಂಗಳಾಗಿತ್ತು. ಬ್ಯಾಗಿನ ಅಸ್ತರಿ ಬಿಚ್ಚಿ ನೋಡಿ, ಏನೂ ಇಲ್ಲ ಅಂತ ಮತ್ತೆ ಹೊಲಿದಾಗಿತ್ತು. ಹಾಗಾದರೆ ಅವನಿಗೆ ಹೇಳುವವರು ಯಾರು?

ಕಿರಿಯವಳು ಔಷಧಿ ವಿಷಯ ಓದುತ್ತಿದ್ದಳು. ಬಾಯಿ ಜೋರು. ತಾತ ಅವಳಿಗಿಟ್ಟ ಹೆಸರು ಮೆಣಸಿನಕಾಯಿ. ಫೋನಿನಲ್ಲಿ ದಿನಕ್ಕೆ ನಾಲ್ಕು ಫೋಟೋ ಹಾಕದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ ಅವಳಿಗೆ. ಗುರುವಾರ ಸಂಜೆ ತಟ್ಟೆಗೆ ಅನ್ನ ಹಾಕುತ್ತಾ ಬೆಡ್‌ಶೀಟಕ್ಕ ಬಾಯಿಬಿಟ್ಟಳು.

"ಅಕ್ಕನ ವಿಷಯ ಯಾರಿಗಾದ್ರೂ ಹೇಳ್ತಿದ್ದೀಯೇನೇ?"

"ಏನಮ್ಮಾ ಹಾಗಂದ್ರೆ?"

"ಹಾಗಂದ್ರೆ ಹಾಗೇ. ಹೊತ್ತುಹೊತ್ತಿಗೂ ಏನೇನೋ ಹಾಕ್ತೀಯಲ್ಲ ಅದರಲ್ಲಿ. ಭಾವ ಅಂತ ಮೊದಲು ಅವನ ಹಿಂದೆಮುಂದೆ ಸುತ್ತಿದವಳು ನೀನೇ."

ಮೆಣಸಿನಕಾಯಿ ತುತ್ತು ತಟ್ಟೆಗೆ ಹಾಕಿದಳು.

"ನಾನು ಸುತ್ತಿದ್ನಾ? ನೀನೇ ತಾನೆ ಮದುವೆ ದಿನ ಇಡೀ ಆಸ್ಪತ್ರೆಗೆ ಹೇಳ್ಕೊಂಡು ತಿರುಗಿದ್ದು, ಅಳಿಯ ಅಂದ್ರೆ ಇಂಥವನಿರಬೇಕು ಅಂತ!"

"ಬಾಯಿ ಮುಚ್ಚು!"

"ಮುಚ್ಚಲ್ಲ. ತಗೋ." ಫೋನನ್ನು ಹುರುಳಿಕಾಯಿ ಪಲ್ಯದ ಪಾತ್ರೆ ಪಕ್ಕಕ್ಕೆ ತಳ್ಳಿದಳು. "ನೋಡು. ಎಲ್ಲ ನೋಡು. ಯಾರ ಜೊತೆ ಮಾತಾಡಿದೆ, ಏನು ಹಾಕಿದೆ, ಎಲ್ಲ ನೋಡ್ಕೋ."

ನೋಡಬಾರದಿತ್ತು. ಬೆಡ್‌ಶೀಟಕ್ಕ ನೋಡಿದಳು. ಅನ್ನ ಆರುವ ತನಕ ಬೆರಳು ಎಳೆದೆಳೆದು ನೋಡಿದಳು. ಗೆಳತಿಯರ ಜಗಳ, ಪರೀಕ್ಷೆಯ ಗೋಳು, ಯಾವುದೋ ಬೆಕ್ಕಿನ ಫೋಟೋ, ಅಷ್ಟೇ. ಮೆಣಸಿನಕಾಯಿ ಉಣ್ಣದೆ ಎದ್ದುಹೋದಳು, ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಳು.

"ನೀನು ಸುಮ್ಮನೆ ಮಗೂನ ಅಳಿಸಿದೆ ತಾಯಿ," ಅಂದರು ತಾತ. "ನಾನು ಜೊತೇಲಿ ಇರ್ತೀನಲ್ಲ, ಮೈಯೆಲ್ಲ ಕಣ್ಣು ಮಾಡ್ಕೊಂಡು. ಟಿಕೆಟ್ ಇಲ್ಲದೆ ಒಬ್ಬೇ ಒಬ್ಬ ನನ್ನ ದಾಟಿ ಒಳಗೆ ಹೋದವನಿಲ್ಲ, ಇವನ್ಯಾವ ಲೆಕ್ಕ?"

ಆ ಭಾನುವಾರ ಕಳೆದ ಮೇಲೆ ತಾತನಿಗೆ ಜ್ವರ ಬಂದು ಮೂರು ದಿನ ಮಲಗಿದರು. ಮೆಣಸಿನಕಾಯಿಯೇ ಮುನಿಸು ಬಿಟ್ಟು, ಕಾಲೇಜು ತಪ್ಪಿಸಿ ಅಕ್ಕನ ಜೊತೆ ಟೇಪು ಹಿಡಿಯಲು ಹೋದಳು. ಮೂರು ದಿನವೂ ಬೆಡ್‌ಶೀಟಕ್ಕನ ಜೀವ ಕೈಯಲ್ಲಿತ್ತು. ಆಶ್ಚರ್ಯ, ಒಂದು ಮೆಸೇಜೂ ಬರಲಿಲ್ಲ.

ಶುಕ್ರವಾರ ದೊಡ್ಡವಳಿಗೆ ರಜ. ಮನೆಯಲ್ಲೇ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಬೆಡ್‌ಶೀಟಕ್ಕನ ಫೋನು ಕುಂಯ್ ಅಂದಿತು.

"ಕನ್ನಡಕದ ಅಂಗಡಿಯಲ್ಲಿ ಒಂದು ಗಂಟೆ ಏನು ಕೆಲಸ ಅತ್ತೆ ಅವಳಿಗೆ? ಕಣ್ಣಿಗೇನಾದರೂ ಆಯಿತಾ?"

ಬೆಡ್‌ಶೀಟಕ್ಕ ಓದಿದಳು. ಇನ್ನೊಂದು ಸಲ ಓದಿದಳು. ಎದುರಿಗೆ ಐದು ಮಹಡಿಯ ಐದು ಟ್ರಾಲಿ ಸಾಲಾಗಿ ನಿಂತಿದ್ದವು. ಬೆಡ್‌ಶೀಟು ಕಳೆದಾಗ ಯಾರು ಕದ್ದರು ಅಂತ ಅವಳು ಯಾವತ್ತೂ ಕೇಳಿದವಳಲ್ಲ. ಹಾಗೆ ಕೇಳಿದರೆ ಜಗಳ ಸಿಗುತ್ತದೆ, ಬೆಡ್‌ಶೀಟು ಸಿಗುವುದಿಲ್ಲ. ಬೆಡ್‌ಶೀಟು ಕಾಣೆಯಾದ ದಿನಗಳಲ್ಲೆಲ್ಲ ಆ ವಾರ್ಡಿಗೆ ಹೋಗಿದ್ದ ಟ್ರಾಲಿ ಯಾವುದು, ಕಾಣೆಯಾಗದ ದಿನ ಹೋಗದೆ ಇದ್ದ ಟ್ರಾಲಿ ಯಾವುದು ಅಂತ ನೋಡುವಳು. ನೋಡಿದರೆ ಅದರ ತಳದ ಪಟ್ಟಿಯೊಳಗೆ ಎಲ್ಲೋ ಬೆಡ್‌ಶೀಟು ಸಿಕ್ಕಿಕೊಂಡಿರುತ್ತಿತ್ತು. ಅದೇ ಕೆಲಸವನ್ನು ಮನೆಯ ವಿಷಯದಲ್ಲಿ ಮಾಡದೆ ಸಣ್ಣ ಮಗಳ ತಟ್ಟೆಯ ಮುಂದೆ ಕೂಗಾಡಿದ್ದಳಲ್ಲ!

ಹಸಿರು ಗೇಟಿಗೆ ಹೋದವರು ಯಾರು? ತಾತ. ಬೇಕರಿ ಪಕ್ಕಕ್ಕೆ? ತಾತ. ಜ್ವರದ ಮೂರು ದಿನ ಹೋಗದೆ ಇದ್ದವರು? ತಾತ. ಇವತ್ತು ಕನ್ನಡಕದ ಕಾಲು ಮುರಿದಿದೆ ಅಂತ ಒಬ್ಬರೇ ಅಂಗಡಿಗೆ ಹೋದವರು?

"ಅಯ್ಯೋ ದೇವರೇ," ಅಂದಳು ಬೆಡ್‌ಶೀಟಕ್ಕ, ಬಾಯಿಬಿಟ್ಟೇ ಅಂದಳು.

ತಾತನ ಹತ್ತಿರ ಫೋನು ಇದೆ ಅನ್ನುವುದೇ ಆ ಮನೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಅದು ತಾತನ ರೇಡಿಯೋ, ತಾತನ ಟಾರ್ಚು. ಮದುವೆಯ ಮಾರನೆಯ ದಿನ ಅಳಿಯನೇ ತಂದುಕೊಟ್ಟಿದ್ದು. ಇದೇ ನಡುಮನೆಯಲ್ಲಿ, ಎಲ್ಲರೆದುರಿಗೆ, ಮುದುಕರ ಪಕ್ಕ ನೆಲದ ಮೇಲೆ ಕೂತು ಅದನ್ನು ಸಿದ್ಧ ಮಾಡಿಕೊಟ್ಟಿದ್ದ. "ಎಲ್ಲಾದ್ರೂ ಬಿಟ್ಟುಬಂದ್ರೂ ಹುಡುಕಿಕೊಡ್ತೀನಿ ತಾತ," ಅಂದಿದ್ದ. ಬೆಡ್‌ಶೀಟಕ್ಕ ಅವತ್ತು ಅವನಿಗೆ ಎರಡನೇ ಸಲ ಟೀ ಮಾಡಿಕೊಟ್ಟಿದ್ದಳು.

ಸಂಜೆ ಮೆಣಸಿನಕಾಯಿ ಆ ಫೋನು ಬಿಚ್ಚಿ ಕೂತಳು. ಐದೇ ನಿಮಿಷ.

"ಅಕೌಂಟು ಭಾವನ ಹೆಸರಲ್ಲೇ ಇದೆ. ಲೊಕೇಶನ್ನು ಹಗಲೂ ರಾತ್ರಿ ಅವನಿಗೆ ಹೋಗ್ತಾ ಇದೆ. ತಾತ ಎಲ್ಲಿರ್ತಾರೋ ಅಕ್ಕ ಅಲ್ಲಿರ್ತಾಳೆ ಅಂತ ಅವನಿಗೆ ಗೊತ್ತಾಗಿದೆ, ಅಷ್ಟೇ."

ತಾತನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೂತಲ್ಲಿಂದ ಎದ್ದರು.

"ನಾನಾ? ನಾನು ಕರ್ಕೊಂಡು ಹೋಗ್ತಿದ್ನಾ ಅವನ್ನ? ನನ್ನ ಜೇಬಲ್ಲಿಟ್ಕೊಂಡು?"

"ತಾತ, ನಿನ್ನ ತಪ್ಪಲ್ಲ," ಅಂದಳು ದೊಡ್ಡವಳು.

"ಕೊಡೇ ಇಲ್ಲಿ ಅದನ್ನ! ಕಲ್ಲು ಎಲ್ಲಿದೆ? ಜಜ್ಜಿ ಹಾಕ್ತೀನಿ!"

"ಜಜ್ಜಬೇಡ್ರೀ ಮಾವ," ಅಂತ ಬೆಡ್‌ಶೀಟಕ್ಕ ಅವರ ಕೈ ಹಿಡಿದಳು. "ಇದನ್ನೇ ಠಾಣೆಗೆ ತಗೊಂಡು ಹೋಗೋಣ. ಬೆದರಿಕೆ ಎಲ್ಲಿದೆ ಅಂತ ಕೇಳಿದ್ರಲ್ಲ, ತೋರಿಸೋಣ."

ತಾತ ಗೋಡೆಯ ಕಡೆ ತಿರುಗಿ ಕೂತು ಮಗುವಿನ ಹಾಗೆ ಅತ್ತುಬಿಟ್ಟರು. ಮೊಮ್ಮಕ್ಕಳಿಬ್ಬರೂ ಆಚೆ ಈಚೆ ಕೂತು ಬೆನ್ನು ಸವರಿದರೂ ಅಳು ನಿಲ್ಲಲಿಲ್ಲ. ಆ ಸಂಜೆ ಒಲೆ ಹಚ್ಚಲಿಲ್ಲ, ಊಟ ಬ್ರೆಡ್ಡು ಬಾಳೆಹಣ್ಣಿನಲ್ಲೇ ಮುಗಿಯಿತು.

ಠಾಣೆಯಲ್ಲಿ ಈ ಸಲ ಕೂರಲು ಕುರ್ಚಿ ಕೊಟ್ಟರು. ಫೋನಿನ ಪರದೆಯ ಮೇಲೆ ಕಂಡಿದ್ದನ್ನೆಲ್ಲ ಫೋಟೋ ಹಿಡಿದುಕೊಂಡರು, ಮೆಸೇಜಿನ ತಾರೀಖುಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರು. ದೂರು ಬರೆದುಕೊಂಡರು. ಅಳಿಯನನ್ನು ಕರೆಸಿ, ಕೇಸು ಹಾಕಿ, ಸಹಿ ಹಾಕಿಸಿಕೊಂಡು ಕಳಿಸಿದರು. ಫೋನನ್ನು ಸಾಕ್ಷಿಗೆ ಅಂತ ಅವರೇ ಇಟ್ಟುಕೊಂಡರು. ತಾತ ಇನ್ನೊಂದು ಫೋನು ಬೇಡವೇ ಬೇಡ ಅಂದರು. ಮೆಸೇಜು ನಿಂತಿತು.

ನಿಂತರೆ ಬೆಡ್‌ಶೀಟಕ್ಕನಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಮೊದಲು ಅವನು ಎಲ್ಲಿದ್ದಾನೆ, ಏನು ನೋಡುತ್ತಿದ್ದಾನೆ ಅಂತ ಅವನೇ ಬರೆದು ತಿಳಿಸುತ್ತಿದ್ದ, ದರಿದ್ರದವನು. ಈಗ ಅದೂ ಇಲ್ಲ. ಸುಮ್ಮನಿರುವವನು ಏನು ಯೋಚನೆ ಮಾಡುತ್ತಿದ್ದಾನೋ! ಅದರ ಮೇಲೆ ದೊಡ್ಡವಳು ತಾತನನ್ನು ಬಿಟ್ಟು ಒಬ್ಬಳೇ ಕೆಲಸಕ್ಕೆ ಹೋಗಲು ಶುರುಮಾಡಿದಳು. ಟೇಪಿನ ಇನ್ನೊಂದು ತುದಿಯನ್ನು ಅಂಟುಪಟ್ಟಿಯಲ್ಲಿ ಕಿಟಕಿಗೆ ಅಂಟಿಸಿಕೊಳ್ಳುತ್ತೇನೆ ಅಂದಳು.

ಒಂದು ಬೆಳಿಗ್ಗೆ ದೊಡ್ಡವಳು ಸ್ನಾನಕ್ಕೆ ಹೋದಾಗ ಅವಳ ಫೋನು ಊಟದ ಮೇಜಿನ ಮೇಲಿತ್ತು. ಫೋನು ತೆರೆಯಲು ಮಗಳು ನಂಬರು ಒತ್ತುವುದನ್ನು ಬೆಡ್‌ಶೀಟಕ್ಕ ಹತ್ತು ಸಲ ನೋಡಿದ್ದಳು. ತಾತನ ಫೋನಿನಲ್ಲಿ ಮೆಣಸಿನಕಾಯಿ ಎಲ್ಲೆಲ್ಲಿ ಒತ್ತಿದಳು ಅನ್ನುವುದೂ ನೆನಪಿತ್ತು. ಒಳಗೆ ನೀರು ಸುರಿಯುವ ಸದ್ದು ಕೇಳುತ್ತಿದ್ದ ಹಾಗೆ ಲೊಕೇಶನ್ನು ಹಾಕಿದಳು, ತನ್ನ ಹೆಸರು ಆರಿಸಿದಳು, ಯಾವಾಗಲೂ ಅನ್ನುವುದನ್ನು ಒತ್ತಿದಳು. ಫೋನನ್ನು ಇದ್ದ ಹಾಗೇ ಇಟ್ಟು ಬ್ರೆಡ್ಡು ಸುಡಲು ಹೋದಳು. ತಾಯಿ ನೋಡಿಕೊಂಡರೆ ತಪ್ಪೇನು ಅಂತ ತನಗೆ ತಾನೇ ಹೇಳಿಕೊಂಡಳು.

ಹತ್ತು ದಿನ ಅವಳಿಗೆ ಹೋದ ಜೀವ ಬಂದ ಹಾಗಿತ್ತು. ನೆಲಮಾಳಿಗೆಯಲ್ಲಿ ಟ್ರಾಲಿ ಟ್ರಾಲಿಗೂ ಒಂದು ಸಲ ನೀಲಿ ಚುಕ್ಕಿ ನೋಡುವಳು. ಅಂಗಡಿಯಲ್ಲಿದ್ದಾಳೆ. ಸೇತುವೆ ದಾಟಿದಳು. ಯಾವುದೋ ಮನೆ ಮುಂದೆ ನಿಂತಿದ್ದಾಳೆ. ಚುಕ್ಕಿ ಜಾಸ್ತಿ ಹೊತ್ತು ಅಲುಗದಿದ್ದರೆ ಎದೆ ಢವಢವ ಅನ್ನುವುದು, ಅಲುಗಿದರೆ ಉಸಿರು ಬರುವುದು. ವಾರ್ಡಿನ ನರ್ಸು ಬಂದು, "ಬೆಡ್‌ಶೀಟಕ್ಕಾ, ಇಪ್ಪತ್ತು ಕವರು ಕಡಿಮೆ ಕಳಿಸಿದ್ದೀರಿ," ಅಂದಾಗ, "ಹೌದಾ?" ಅಂದಳಷ್ಟೇ.

ಹನ್ನೊಂದನೇ ದಿನ ದೊಡ್ಡವಳು ಬರುವುದು ಸ್ವಲ್ಪ ತಡವಾಯಿತು. ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತಳು. ಮುಖ ಗೆಲುವಾಗಿತ್ತು. ಬೆಡ್‌ಶೀಟಕ್ಕ ಮೊಟ್ಟೆ ಬಡಿಸುತ್ತಾ, ಬಾಯಿ ತಪ್ಪಿ ಅಂದುಬಿಟ್ಟಳು.

"ಆ ಕೆರೆ ಪಾರ್ಕಿನ ಹತ್ರ ಇಪ್ಪತ್ತು ನಿಮಿಷ ಏನು ಮಾಡ್ತಿದ್ದೆ?"

ದೊಡ್ಡವಳ ಕೈ ನಿಂತಿತು. ಮೆಣಸಿನಕಾಯಿ ಅಮ್ಮನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು.

"ಅಮ್ಮಾ," ಅಂದಳು ಮೆಣಸಿನಕಾಯಿ. "ನೀನು ಹಾಗೆ ಮಾಡಿಲ್ಲ ಅಂತ ಹೇಳು."

"ನಂಗೆ ಭಯ ಆಗಲ್ವೇನೇ? ನಾನು ಹೆತ್ತವಳು ಕಣೇ!"

"ಸುಮ್ಮನೆ ಕೂತಿದ್ದೆ," ಅಂದಳು ದೊಡ್ಡವಳು. ದನಿ ಏರಿಸಲಿಲ್ಲ. "ಬೆಂಚಿನ ಮೇಲೆ. ಎಷ್ಟೋ ದಿನದ ಮೇಲೆ ಯಾರೂ ನೋಡ್ತಿಲ್ಲ ಅಂತ ಅನ್ಸಿತ್ತು. ಅದಕ್ಕೇ ಕೂತಿದ್ದೆ."

"ಅವನೂ ನಾನೂ ಒಂದೇನಾ?"

"ಅವನೂ ಭಯ ಆಗುತ್ತೆ ಅಂತಲೇ ಶುರುಮಾಡಿದ್ದಮ್ಮ. ನಿಂಗೇನಾದ್ರೂ ಆದ್ರೆ ಅಂತ."

ತಾತ ತಲೆ ತಗ್ಗಿಸಿ ಅನ್ನ ಕಲೆಸುತ್ತಲೇ ಇದ್ದರು. ಯಾರೂ ಉಣ್ಣಲಿಲ್ಲ.

ಮಾರನೆಯ ಬೆಳಿಗ್ಗೆ ಬೆಡ್‌ಶೀಟಕ್ಕ ಆಸ್ಪತ್ರೆ ತಲುಪಿ ಚುಕ್ಕಿ ನೋಡಿದಳು. ಮನೆಯಲ್ಲೇ ಇತ್ತು. ಹತ್ತು ಗಂಟೆಗೆ ನೋಡಿದಳು, ಮನೆಯಲ್ಲೇ. ರಜ ಹಾಕಿದಳೇನೋ ಅಂತ ಪಕ್ಕದ ಮನೆಗೆ ಫೋನು ಮಾಡಿ ತಾತನನ್ನು ಕರೆಸಿದಳು.

"ಇಲ್ಲ ತಾಯಿ, ಎಂಟಕ್ಕೇ ಹೋದಳಲ್ಲ. ಫೋನು ಮೇಜಿನ ಮೇಲೆ ಬಿಟ್ಟು ಹೋದಳು. ಮರೆತೆ ಅಂತ ಕೂಗಿದೆ. ಮರೆತಿಲ್ಲ ತಾತ ಅಂದಳು."

 ಏನಾದರೂ ಆದರೆ ಕೂಗಿ ಕರೆಯಲೂ ಫೋನಿಲ್ಲವಲ್ಲ! ಬೆಡ್‌ಶೀಟಕ್ಕ ಅರ್ಧ ದಿನ ರಜ ಬರೆದಿಟ್ಟು ಪರದೆ ಅಂಗಡಿಗೆ ಓಡಿದಳು. ಅಳತೆಗೆ ಹೋಗಿದ್ದಾಳೆ ಅಂದಳು ಯಜಮಾನಿ.

"ಯಾವ ಮನೆ?"

"ಹೇಳಬಹುದು," ಅಂದಳು ಯಜಮಾನಿ, ಕತ್ತರಿ ಕೆಳಗಿಟ್ಟು. "ಆದ್ರೆ ಯಾರು ಬಂದು ಕೇಳಿದ್ರೂ ಹೇಳಬೇಡಿ ಅಂತ ನೀವೇ ತಾನೆ ಅವಳು ಕೆಲಸಕ್ಕೆ ಸೇರಿದ ದಿನ ಕೈ ಮುಗಿದು ಹೇಳಿ ಹೋಗಿದ್ದು?"

ಬೆಡ್‌ಶೀಟಕ್ಕನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಳು. ಮಗಳು ಬಂದು ತನ್ನನ್ನು ಅಲ್ಲಿ ನೋಡಿದರೆ ಏನಂದುಕೊಂಡಾಳು ಅಂತ ಹೊಳೆದದ್ದೇ ತಡ, ಎದ್ದು ಮನೆಗೆ ನಡೆದಳು. ದಾರಿಯುದ್ದಕ್ಕೂ ಹೆಲ್ಮೆಟ್ಟು ಹಾಕಿದ ಪ್ರತಿಯೊಬ್ಬನೂ ಅಳಿಯನ ಹಾಗೆ ಕಂಡ.

ಆರು ಗಂಟೆಗೆ ದೊಡ್ಡವಳು ಬಂದಳು, ಭುಜದಲ್ಲಿ ಬ್ಯಾಗು, ಕುತ್ತಿಗೆಗೆ ಟೇಪು. ಬೆಡ್‌ಶೀಟಕ್ಕ ಬಾಗಿಲಲ್ಲೇ ಎರಡು ಫೋನೂ ಹಿಡಿದು ನಿಂತಿದ್ದಳು.

"ಈ ಕಡೆ ಬಾ. ನಿನ್ನೆದುರೇ ತೆಗೀತೀನಿ," ಅಂದಳು. ಎರಡು ಸಲ ಬೇರೆಲ್ಲೋ ಒತ್ತಿದಳು. ದೊಡ್ಡವಳು ಸಹಾಯಕ್ಕೆ ಬರಲಿಲ್ಲ, ನಿಂತು ನೋಡಿದಳು. ಮೂರನೇ ಸಲಕ್ಕೆ ಚುಕ್ಕಿ ಹೋಯಿತು. "ನಾನು ಮಾಡಿದ್ದು ತಪ್ಪು ಕಣೆ. ಭಯ ಮಾತ್ರ ಹೋಗಿಲ್ಲ. ಅದು ಹೋಗಲ್ಲ ಅನ್ಸುತ್ತೆ. ಫೋನು ಮಾತ್ರ ತಗೊಂಡು ಹೋಗು ತಾಯಿ, ನಿನ್ನ ದಮ್ಮಯ್ಯ ಅಂತೀನಿ."

ದೊಡ್ಡವಳು ತನ್ನ ಫೋನು ತಗೊಂಡಳು. ಫೋನು ತೆರೆಯುವ ನಂಬರನ್ನು ಅಲ್ಲೇ, ಅಮ್ಮನಿಗೆ ಬೆನ್ನು ಮಾಡಿ ನಿಂತು ಬದಲಾಯಿಸಿದಳು. ಬೆಡ್‌ಶೀಟಕ್ಕ ಅದನ್ನು ನೋಡಿ ಟೀಗೆ ನೀರಿಟ್ಟಳು.

ಮರುದಿನ ಊಟದ ಹೊತ್ತಿಗೆ ನೆಲಮಾಳಿಗೆಯಲ್ಲಿ ಫೋನು ಬಡಿದುಕೊಂಡಿತು. ಬೆಡ್‌ಶೀಟಕ್ಕ ಡಬ್ಬಿ ಬಿಟ್ಟು ಎದ್ದಳು.

"ಅಮ್ಮಾ, ಊಟ ಆಯ್ತಾ?"

"ಮಾಡ್ತಿದ್ದೀನಿ. ನಿಂದು?"

"ಆಯ್ತು."

ಹಿಂದೆ ಎಲ್ಲೋ ಬಸ್ಸಿನ ಹಾರನ್ನು, ಮಕ್ಕಳ ಕೂಗಾಟ. ಯಾವ ರಸ್ತೆ ಇರಬಹುದು ಅಂತ ಬೆಡ್‌ಶೀಟಕ್ಕ ಕಿವಿಗೆ ಫೋನು ಒತ್ತಿ ಹಿಡಿದಳು. ಎಲ್ಲಿದ್ದೀಯೇ ಅನ್ನುವ ಮಾತು ನಾಲಿಗೆಯ ತುದಿಯಲ್ಲಿ ಕುಣಿಯಿತು. ತುಟಿ ಕಚ್ಚಿಕೊಂಡಳು. 

"ಯಾಕಮ್ಮಾ, ಕೇಳಲ್ವಾ?"

"ಏನನ್ನ?"

"ಎಲ್ಲಿದ್ದೀನಿ ಅಂತ."

"ಹೇಳ್ಬೇಕು ಅನ್ಸಿದ್ರೆ ನೀನೇ ಹೇಳ್ತೀಯ."

ಆ ಕಡೆ ಮಗಳು ಯೋಚನೆ ಮಾಡಿದಳು. ಆಮೇಲೆ ನಕ್ಕಳು. ಬಂದ ಈ ಐದು ತಿಂಗಳಲ್ಲಿ ಅವಳು ಹಾಗೆ ನಕ್ಕಿರಲಿಲ್ಲ.

"ಹೇಳಲ್ಲ ಹೋಗಮ್ಮ," ಅಂದಳು.

"ಸರಿ," ಅಂದಳು ಬೆಡ್‌ಶೀಟಕ್ಕ. ಫೋನು ಇಟ್ಟಳು. ಒಗೆದ ಬಟ್ಟೆಯ ಗಂಟಿನ ಮೇಲೆ ಕೂತು, ಡಬ್ಬಿಯಲ್ಲಿದ್ದ ಅನ್ನವನ್ನು ಅಷ್ಟೂ ಉಂಡಳು.